ಡೆಸ್ಕ್‌ಟಾಪ್ ಕಾಣುತ್ತದೆ, ಒಳಗೆ ಬಿಡುತ್ತಿಲ್ಲ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಬಿಡಿಭಾಗ ಕಾರ್ಖಾನೆಯ ಲೆಕ್ಕಪತ್ರವೆಲ್ಲ ಅಜೂರ್ ವರ್ಚುವಲ್ ಡೆಸ್ಕ್‌ಟಾಪ್ (ಮೈಕ್ರೋಸಾಫ್ಟ್ ಕ್ಲೌಡ್‌ನಲ್ಲಿರುವ ವಿಂಡೋಸ್ ಯಂತ್ರಗಳನ್ನು ದೂರದಿಂದ ಬಳಸುವ ಸೇವೆ) ಮೇಲೆ ನಡೆಯುತ್ತದೆ. ಸ್ವಂತ ಡೊಮೈನ್ ಸರ್ವರ್ ಇಲ್ಲ, ಎಲ್ಲ ಎಂಟ್ರಾ (ಮೈಕ್ರೋಸಾಫ್ಟ್‌ನ ಕ್ಲೌಡ್ ಖಾತೆ ವ್ಯವಸ್ಥೆ) ಖಾತೆಗಳೇ. ಹೊಸದಾಗಿ ಸೇರಿದ ಇಬ್ಬರಿಗೆ ಡೆಸ್ಕ್‌ಟಾಪ್ ಚಿಹ್ನೆ ಕಾಣುತ್ತದೆ. ಒತ್ತಿ ಪಾಸ್‌ವರ್ಡ್ ಕೊಟ್ಟರೆ ‘ಯುವರ್ ಅಕೌಂಟ್ ಈಸ್ ಕಾನ್ಫಿಗರ್ಡ್ ಟು ಪ್ರಿವೆಂಟ್ ಯು ಫ್ರಮ್ ಯೂಸಿಂಗ್ ದಿಸ್ ಡಿವೈಸ್’ ಎಂದು ನಿಲ್ಲುತ್ತದೆ. ಕಾಂಟ್ರಿಬ್ಯೂಟರ್ ರೋಲ್ ಕೊಟ್ಟರೂ ಆಗಲಿಲ್ಲ. ಹೋದ ವಾರ ಎರಡು ಹೊಸ ಯಂತ್ರ ಸೇರಿಸಿದ ಮೇಲೆ ಹಳಬರಿಗೂ ಒಮ್ಮೆ ತೆರೆಯುತ್ತದೆ, ಒಮ್ಮೆ ಇಲ್ಲ. ಏನು ಕಾರಣ?
– ಓದುಗರು, ಉದ್ಯಮಬಾಗ, ಬೆಳಗಾವಿ

ಉತ್ತರ: ಚಿಹ್ನೆ ಕಾಣುವುದಕ್ಕೆ ಒಂದು ಅನುಮತಿ ಬೇಕು, ಯಂತ್ರದೊಳಗೆ ಲಾಗಿನ್ ಆಗುವುದಕ್ಕೆ ಇನ್ನೊಂದು. ಊರ ಅಗಸಿ ದಾಟಿದವರೆಲ್ಲ ನಿಮ್ಮ ಪಡಸಾಲೆಗೆ ಬಂದಂತಲ್ಲವಷ್ಟೆ. ಅಪ್ಲಿಕೇಶನ್ ಗ್ರೂಪಿಗೆ (ಯಾರಿಗೆ ಯಾವ ಡೆಸ್ಕ್‌ಟಾಪ್ ಕಾಣಬೇಕೆಂದು ನಿಗದಿ ಮಾಡುವ ಗುಂಪು) ಹೆಸರು ಸೇರಿಸಿದಾಗ ‘ಡೆಸ್ಕ್‌ಟಾಪ್ ವರ್ಚುವಲೈಸೇಶನ್ ಯೂಸರ್’ ರೋಲ್ ಸಿಗುತ್ತದೆ, ಚಿಹ್ನೆ ಬರುವುದು ಅದರಿಂದ. ಎಂಟ್ರಾಕ್ಕೆ ಸೇರಿಸಿದ ಯಂತ್ರಗಳಿಗೆ ಇದರ ಜೊತೆ ‘ವರ್ಚುವಲ್ ಮಷೀನ್ ಯೂಸರ್ ಲಾಗಿನ್’ ರೋಲ್ ಕೂಡ ಬೇಕು. ಹೊಸಬರಿಗೆ ಇಲ್ಲದಿರುವುದು ಇದೇ.

ಕಾಂಟ್ರಿಬ್ಯೂಟರ್ ಅಷ್ಟೇ ಅಲ್ಲ, ಓನರ್ ರೋಲ್ ಇದ್ದರೂ ಲಾಗಿನ್ ಹಕ್ಕು ಬರುವುದಿಲ್ಲ. ಅವು ಯಂತ್ರವನ್ನು ಪೋರ್ಟಲ್‌ನಿಂದ ನಿರ್ವಹಿಸುವ ಹಕ್ಕುಗಳು. ಈಗ ನಿಮ್ಮ ಹೊಸ ಗುಮಾಸ್ತರು ಯಂತ್ರದೊಳಗೆ ಹೋಗಲಾರರು, ಆದರೆ ಇಡೀ ಯಂತ್ರವನ್ನೇ ಅಳಿಸಬಲ್ಲರು! ಮೊದಲು ಅದನ್ನು ಹಿಂದೆಗೆದುಕೊಳ್ಳಿ.

ಆಮೇಲೆ ಎಂಟ್ರಾದಲ್ಲಿ ಒಂದು ಗ್ರೂಪ್ ಮಾಡಿ ಎಲ್ಲ ನೌಕರರನ್ನೂ ಅದರಲ್ಲಿ ಹಾಕಿ. ಅಜೂರ್ ಪೋರ್ಟಲ್‌ನಲ್ಲಿ ಯಂತ್ರಗಳಿರುವ ರಿಸೋರ್ಸ್ ಗ್ರೂಪ್ (ಯಂತ್ರ ಮುಂತಾದವನ್ನು ಒಟ್ಟಿಗೆ ಇಡುವ ಕಟ್ಟು) ತೆರೆದು, ಆ್ಯಕ್ಸೆಸ್ ಕಂಟ್ರೋಲ್ ಪುಟದಲ್ಲಿ ‘ಆ್ಯಡ್ ರೋಲ್ ಅಸೈನ್‌ಮೆಂಟ್’ ಒತ್ತಿ, ‘ವರ್ಚುವಲ್ ಮಷೀನ್ ಯೂಸರ್ ಲಾಗಿನ್’ ಆರಿಸಿ, ಸದಸ್ಯರ ಜಾಗದಲ್ಲಿ ಈ ಗ್ರೂಪನ್ನು ಸೇರಿಸಿ. ಜಾರಿಗೆ ಬರಲು 10 ನಿಮಿಷ ಹಿಡಿಯಬಹುದು. ಆ ಹೊತ್ತಿನಲ್ಲಿ ಪ್ರಯತ್ನಿಸಿ ‘ಇದೂ ಆಗಲಿಲ್ಲ’ ಎಂದು ಮತ್ತೊಂದು ರೋಲ್ ಹಚ್ಚಲು ಹೋಗಬೇಡಿ.

ಹಳಬರ ತೊಂದರೆಯ ಬೇರೂ ಬಹುಮಟ್ಟಿಗೆ ಇಲ್ಲೇ ಇದೆ. ಮೊದಲು ಯಾರೋ ಈ ರೋಲನ್ನು ಒಂದೊಂದು ಯಂತ್ರದ ಮೇಲೆ ಬಿಡಿಬಿಡಿಯಾಗಿ ಕೊಟ್ಟಿರಬೇಕು. ಹೋಸ್ಟ್ ಪೂಲ್, ಅಂದರೆ ನಿಮ್ಮ ಯಂತ್ರಗಳ ಗುಂಪು, ಬಳಕೆದಾರರನ್ನು ಜಾಗ ಇರುವ ಯಂತ್ರಗಳಿಗೆ ಹಂಚುತ್ತದೆ. ಹಳೆಯ ಯಂತ್ರ ಸಿಕ್ಕ ದಿನ ಬಾಗಿಲು ತೆರೆಯುತ್ತದೆ, ಹೊಸದು ಸಿಕ್ಕ ದಿನ ಇಲ್ಲ. ರಿಸೋರ್ಸ್ ಗ್ರೂಪ್ ಮಟ್ಟದಲ್ಲಿ ಕೊಟ್ಟರೆ ಮುಂದೆ ಅದರೊಳಗೆ ಸೇರಿಸುವ ಯಂತ್ರಗಳಿಗೂ ಅನ್ವಯಿಸುತ್ತದೆ. ಹೊಸ ಯಂತ್ರ ಬೇರೆ ರಿಸೋರ್ಸ್ ಗ್ರೂಪಿನಲ್ಲಿ ಇದೆಯೇ ಎಂಬುದನ್ನೂ ನೋಡಿ.

‘ವರ್ಚುವಲ್ ಮಷೀನ್ ಅಡ್ಮಿನಿಸ್ಟ್ರೇಟರ್ ಲಾಗಿನ್’ ರೋಲ್ ಕೊಟ್ಟರೂ ಕೆಲಸ ನಡೆಯುತ್ತದೆ, ಆದರೆ ಕೊಡಬೇಡಿ. ಹತ್ತು ಮಂದಿ ಹಂಚಿಕೊಳ್ಳುವ ಯಂತ್ರದಲ್ಲಿ ಒಬ್ಬರು ಹಾಕಿದ ತಂತ್ರಾಂಶದ ತಾಪತ್ರಯ ಹತ್ತೂ ಮಂದಿಗೆ.

ಪ್ರಶ್ನೆ: ನಮ್ಮದು ಲೆಕ್ಕಪರಿಶೋಧಕರ ಕಚೇರಿ. ಎಲ್ಲರಿಗೂ ಎಂಎಫ್ಎ (ಪಾಸ್‌ವರ್ಡ್ ಜೊತೆಗೆ ಮೊಬೈಲ್ ಒಪ್ಪಿಗೆಯಂಥ ಇನ್ನೊಂದು ದೃಢೀಕರಣ) ಕಡ್ಡಾಯ ಮಾಡಿದ ಮರುದಿನದಿಂದ ಡೆಸ್ಕ್‌ಟಾಪ್ ತೆರೆಯುವಾಗ ‘ದ ಸೈನ್-ಇನ್ ಮೆಥಡ್ ಯು ಆರ್ ಟ್ರೈಯಿಂಗ್ ಟು ಯೂಸ್ ಈಸಂಟ್ ಅಲೌಡ್’ ಎಂದು ಬರುತ್ತಿದೆ. ಎಂಎಫ್ಎ ತೆಗೆದುಬಿಡಲೇ?
– ಓದುಗರು, ನವನಗರ, ಬಾಗಲಕೋಟೆ

ಉತ್ತರ: ತೆಗೆಯಬೇಡಿ. ಕ್ಲೈಂಟ್ (ಡೆಸ್ಕ್‌ಟಾಪ್‌ಗೆ ಸಂಪರ್ಕ ಕೊಡುವ ಆ್ಯಪ್) ತೆರೆದಾಗ ಬರುವ ಮೊದಲ ಕಿಟಕಿ ಎಂಟ್ರಾದ್ದು, ಮೊಬೈಲ್ ಒಪ್ಪಿಗೆ ಕೇಳುವ ಸೌಕರ್ಯ ಅಲ್ಲಿದೆ. ಎರಡನೆಯದು ವಿಂಡೋಸ್‌ನ ಪಾಸ್‌ವರ್ಡ್ ಕಿಟಕಿ. ಮೊಬೈಲ್ ಒಪ್ಪಿಗೆ ಕೇಳಲು ಅದಕ್ಕೆ ಬರುವುದಿಲ್ಲ. ಎಂಟ್ರಾ ಅಲ್ಲಿಯೂ ಎಂಎಫ್ಎ ಬೇಕೆಂದು ಹಟ ಹಿಡಿದಾಗ ವಿಂಡೋಸ್ ಈ ಸಂದೇಶ ತೋರಿಸಿ ಕೈಚೆಲ್ಲುತ್ತದೆ. ಎಂಟ್ರಾದ ಸೈನ್-ಇನ್ ಲಾಗ್‌ನಲ್ಲಿ ‘ಅಜೂರ್ ವಿಂಡೋಸ್ ವರ್ಚುವಲ್ ಮಷೀನ್ ಸೈನ್-ಇನ್’ ಹೆಸರಿನ ಆ್ಯಪ್ ಮುಂದೆ ವೈಫಲ್ಯ ದಾಖಲಾಗಿದ್ದರೆ ಸಂಶಯವೇ ಬೇಡ.

ಒಳ್ಳೆಯ ದಾರಿ ಸಿಂಗಲ್ ಸೈನ್-ಆನ್. ಹೋಸ್ಟ್ ಪೂಲ್‌ನ ಆರ್‌ಡಿಪಿ ಪ್ರಾಪರ್ಟೀಸ್‌ನಲ್ಲಿ ‘ಕನೆಕ್ಷನ್ ಇನ್ಫರ್ಮೇಶನ್’ ಅಡಿ ಎಂಟ್ರಾ ಸಿಂಗಲ್ ಸೈನ್-ಆನ್ ಆರಿಸಿದರೆ ಎರಡನೆಯ ಪಾಸ್‌ವರ್ಡ್ ಕಿಟಕಿಯೇ ಇರುವುದಿಲ್ಲ. ಅದಕ್ಕೆ ಮುಂಚೆ ಟೆನೆಂಟ್ (ಎಂಟ್ರಾದಲ್ಲಿ ನಿಮ್ಮ ಕಚೇರಿಯ ಖಾತೆಗಳೆಲ್ಲ ಇರುವ ಜಾಗ) ಮಟ್ಟದಲ್ಲಿ ರಿಮೋಟ್ ಡೆಸ್ಕ್‌ಟಾಪ್‌ಗೆ ಎಂಟ್ರಾ ದೃಢೀಕರಣವನ್ನು ಪವರ್‌ಶೆಲ್ (ಆದೇಶ ಟೈಪ್ ಮಾಡುವ ಸಾಧನ) ಮೂಲಕ ಒಂದು ಸಲ ಸಕ್ರಿಯಗೊಳಿಸಬೇಕು. ಯಂತ್ರಗಳು ವಿಂಡೋಸ್ 11 ಆಗಿದ್ದರೆ 2022ರ ಅಕ್ಟೋಬರ್ ಅಪ್‌ಡೇಟ್ ಅಥವಾ ಅದರ ನಂತರದ್ದು ಇರಬೇಕು. ಕಚೇರಿಯ ಟೆನೆಂಟ್‌ಗೆ ಸೇರದ ಮನೆಯ ಲ್ಯಾಪ್‌ಟಾಪ್‌ನಿಂದ ‘ದ ಲಾಗಾನ್ ಅಟೆಂಪ್ಟ್ ಫೇಲ್ಡ್’ ಎಂದು ಬರುವ ಕಾಟವೂ ಇದರಿಂದ ತಪ್ಪುತ್ತದೆ.

ಅಲ್ಲಿಯವರೆಗೆ, ಕಂಡೀಷನಲ್ ಆ್ಯಕ್ಸೆಸ್‌ನ (ಯಾವ ಷರತ್ತಿಗೆ ಪ್ರವೇಶ ಎಂದು ನಿಗದಿ ಮಾಡುವ ಎಂಟ್ರಾ ಸೌಕರ್ಯ) ಎಂಎಫ್ಎ ನಿಯಮದಿಂದ ಮೇಲೆ ಹೇಳಿದ ಸೈನ್-ಇನ್ ಆ್ಯಪ್ ಒಂದನ್ನು ಮಾತ್ರ ಹೊರಗಿಡಿ. ಮೊದಲ ಕಿಟಕಿಯ ಎಂಎಫ್ಎ ಹಾಗೇ ಉಳಿಯುತ್ತದೆ. ಹಳೆಯ ಪದ್ಧತಿಯಲ್ಲಿ ಪ್ರತಿ ಖಾತೆಗೂ ಬೇರೆ ಬೇರೆ ಎಂಎಫ್ಎ ಹಚ್ಚಿದ್ದರೆ ಹೀಗೆ ಹೊರಗಿಡಲು ಬಾರದು, ಅದನ್ನು ನಿಷ್ಕ್ರಿಯಗೊಳಿಸಿ ಕಂಡೀಷನಲ್ ಆ್ಯಕ್ಸೆಸ್‌ಗೇ ಬರಬೇಕು. ಇದಕ್ಕೆ ಎಂಟ್ರಾ ಐಡಿ ಪಿ1 ಲೈಸೆನ್ಸ್ ಬೇಕು. ಮೈಕ್ರೋಸಾಫ್ಟ್ 365 ಬಿಸಿನೆಸ್ ಪ್ರೀಮಿಯಂ ತೆಗೆದುಕೊಂಡಿದ್ದರೆ ಅದರಲ್ಲೇ ಸೇರಿದೆ.

ಪ್ರಶ್ನೆ: ಒಣದ್ರಾಕ್ಷಿ ಹಂಗಾಮಿಗೆಂದು ತೆಗೆದುಕೊಂಡ ನಾಲ್ವರಿಗೆ ಪಾಸ್‌ವರ್ಡ್ ಸರಿ ಹೋಗುತ್ತದೆ, ಆದರೆ ಡೆಸ್ಕ್‌ಟಾಪ್ ಚಿಹ್ನೆಯೇ ಬರುವುದಿಲ್ಲ.
– ಓದುಗರು, ವಿಜಯಪುರ

ಉತ್ತರ: ಅಪ್ಲಿಕೇಶನ್ ಗ್ರೂಪಿನ ‘ಅಸೈನ್‌ಮೆಂಟ್ಸ್’ನಲ್ಲಿ ಅವರ ಹೆಸರಿಲ್ಲ, ಇಲ್ಲವೇ ಆ ಅಪ್ಲಿಕೇಶನ್ ಗ್ರೂಪನ್ನು ವರ್ಕ್‌ಸ್ಪೇಸ್‌ಗೆ (ಅಪ್ಲಿಕೇಶನ್ ಗ್ರೂಪುಗಳನ್ನು ಕ್ಲೈಂಟ್‌ನಲ್ಲಿ ತೋರಿಸುವ ಕಟ್ಟು) ಜೋಡಿಸಿಲ್ಲ. ನಾಲ್ವರನ್ನೂ ಎಂಟ್ರಾದ ಒಂದು ಗ್ರೂಪಿಗೆ ಹಾಕಿ, ಆ ಗ್ರೂಪನ್ನೇ ‘ಅಸೈನ್‌ಮೆಂಟ್ಸ್’ಗೆ ಸೇರಿಸಿ, ಜೋಡಣೆ ತಪ್ಪಿದ್ದರೆ ಅದನ್ನೂ ಸರಿಪಡಿಸಿ ಕ್ಲೈಂಟ್‌ನಲ್ಲಿ ‘ರಿಫ್ರೆಶ್’ ಒತ್ತಿಸಿ. ಯಂತ್ರಗಳು ಎಂಟ್ರಾಕ್ಕೆ ಸೇರಿದ್ದರೆ, ಮೊದಲ ಉತ್ತರದಲ್ಲಿ ಹೇಳಿದ ಲಾಗಿನ್ ರೋಲನ್ನೂ ಇದೇ ನಾಲ್ವರ ಗ್ರೂಪಿಗೆ ಕೊಡಿ. ಹಂಗಾಮು ಮುಗಿದಾಗ ಗ್ರೂಪಿನಿಂದ ಹೆಸರು ತೆಗೆದರೆ ಎರಡೂ ಅನುಮತಿ ಒಟ್ಟಿಗೇ ಹೋಗುತ್ತವೆ. ಆದರೆ ಆಗಲೇ ತೆರೆದಿರುವ ಸೆಷನ್ ತಾನಾಗಿ ಮುಚ್ಚುವುದಿಲ್ಲ. ಹೋಸ್ಟ್ ಪೂಲ್‌ನಲ್ಲಿ ಆ ಬಳಕೆದಾರರ ಸೆಷನ್ ಹುಡುಕಿ ‘ಲಾಗ್ ಆಫ್’ ಮಾಡಿ.