ಸಲಹಾ ಮಂಡಳಿಯ ಲೆಕ್ಕ ಕೇಳುವುದು ಹೇಗೆ?

ಪ್ರಶ್ನೆ: ಸರ್ಕಾರಕ್ಕೆ ಸಲಹೆ ಕೊಡುವ ಮಂಡಳಿಯೊಂದರ ವಾರ್ಷಿಕ ವರದಿ ಓದಿದೆ. ಬಂದ ಅನುದಾನವೆಲ್ಲ ಖರ್ಚಾಗಿದೆ, ಆಡಿಟ್‌ನಲ್ಲಿ ಆಕ್ಷೇಪಣೆ ಇಲ್ಲ ಎಂದಿದೆ. ಅಂದರೆ ಎಲ್ಲ ಸರಿಯಿದೆ ಅಂತಲಾ? ರಸ್ತೆ ಮಾಡಿದರೆ ಕಣ್ಣಿಗೆ ಕಾಣುತ್ತದೆ. ಸಲಹೆಗೆ ಲೆಕ್ಕ ಕೇಳುವುದು ಹೇಗೆ?

ಉತ್ತರ: ಅಷ್ಟಕ್ಕೇ ಸಮಾಧಾನ ಪಡಬೇಡಿ. ಆಕ್ಷೇಪಣೆ ಇಲ್ಲ ಎಂದರೆ ಮಂಜೂರಾತಿ, ಬಿಲ್ಲು, ಪುಸ್ತಕ ತಾಳೆಯಾಗಿವೆ ಎಂದು. ಅದು ಬೇಕೇ ಬೇಕು. ಆದರೆ ಆ ಹಣದಿಂದ ಏನು ಕೆಲಸವಾಯಿತು ಎಂಬುದು ಬೇರೆ ಪ್ರಶ್ನೆ.

ಹಣ ಪೂರ್ತಿ ಖರ್ಚಾಗಿದ್ದೂ ಹೆಗ್ಗಳಿಕೆಯಲ್ಲ. ತಿಂಗಳುವಾರು ಖರ್ಚು ಕೇಳಿ. ವರ್ಷವೆಲ್ಲ ಸುಮ್ಮನಿದ್ದು ಕೊನೆಯ ವಾರಗಳಲ್ಲಿ ಕಂಪ್ಯೂಟರ್, ಕುರ್ಚಿ, ವಿಚಾರ ಸಂಕಿರಣ ಎಂದು ಹಣ ಹರಿದಿದ್ದರೆ, ಅನುದಾನ ವಾಪಸ್ ಹೋಗದಿರಲಿ ಎಂದೇ ಖರ್ಚು ಮಾಡಿದರಾ ಎಂದು ಕೇಳಲೇಬೇಕು. ಹಾಗೆಯೇ, ಹಣ ಉಳಿದರೆ ಮಿತವ್ಯಯ ಎಂದು ಖುಷಿ ಪಡುವಂತಿಲ್ಲ. ಸದಸ್ಯರ ಸ್ಥಾನ ಖಾಲಿ ಬಿದ್ದು, ಸಭೆಯೇ ನಡೆಯದೆ ಉಳಿದ ಹಣವೂ ಇರಬಹುದು. ಬಜೆಟ್ ಅಂದಾಜು, ವರ್ಷದ ನಡುವೆ ತಿದ್ದಿದ ಪರಿಷ್ಕೃತ ಅಂದಾಜು, ನಿಜವಾದ ಖರ್ಚು ಈ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ‘ಇತರೆ ವೆಚ್ಚ’ ಜಾಸ್ತಿ ಕಂಡರೆ ಬಿಡಿಸಿ ಹೇಳಲು ಕೇಳಿ.

ಇನ್ನು, ಮಂಡಳಿಯ ಪುಸ್ತಕಕ್ಕೇ ಬಾರದ ಖರ್ಚು ಇರುತ್ತದೆ. ಸಿಬ್ಬಂದಿ ಇಲಾಖೆಯಿಂದ ನಿಯೋಜನೆಯ ಮೇಲೆ ಬಂದವರು, ಕೊಠಡಿ ಇಲಾಖೆಯದ್ದು, ವಾಹನವೂ ಇಲಾಖೆಯದ್ದು. ಸಂಬಳ, ಡೀಸೆಲ್ ಎಲ್ಲ ಅಲ್ಲೇ ಬರೆದುಬಿಟ್ಟರೆ ಮಂಡಳಿ ತುಂಬಾ ಅಗ್ಗವಾಗಿ ಕಾಣುತ್ತದೆ ಅಲ್ವಾ? ಅಮೆರಿಕದ 1972ರ ಫೆಡರಲ್ ಸಲಹಾ ಸಮಿತಿ ಕಾಯ್ದೆ ಇದನ್ನು ಮೊದಲೇ ಹಿಡಿದಿದೆ. ಸಮಿತಿ ಕೆಲಸ ಶುರು ಮಾಡುವ ಮುಂಚೆಯೇ, ವರ್ಷಕ್ಕೆ ಎಷ್ಟು ಡಾಲರ್ ಬೇಕು, ಸರ್ಕಾರಿ ಸಿಬ್ಬಂದಿಯ ಎಷ್ಟು ದುಡಿಮೆ ಬೇಕು, ಅಂದಾಜು ಎಷ್ಟು ಸಭೆ ನಡೆಯುತ್ತವೆ ಎಂದು ಅದರ ಸ್ಥಾಪನಾ ಪತ್ರವಾದ ಚಾರ್ಟರ್‌ನಲ್ಲಿ ಬರೆಯಬೇಕು. ಸಾಮಾನ್ಯವಾಗಿ 2 ವರ್ಷಕ್ಕೆ ಸಮಿತಿಯ ಅವಧಿ ಮುಗಿಯುತ್ತದೆ. ಮುಂದುವರಿಯಬೇಕೆಂದರೆ ನವೀಕರಣ ಆಗಬೇಕು. ದುಡಿಮೆಯನ್ನೂ ಲೆಕ್ಕಕ್ಕೆ ಹಿಡಿಯುವ ಈ ನಿಯಮ ನನಗೆ ತುಂಬಾ ಮೆಚ್ಚುಗೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಕೊಟ್ಟ ಪ್ರತಿ ಸಲಹೆಯನ್ನೂ ಒಂದೊಂದು ಸಾಲಿನಲ್ಲಿ ಬರೆಯಿರಿ. ಯಾವ ವಿಷಯ, ಯಾವ ದಿನ ಯಾರಿಗೆ ಹೋಯಿತು, ಉತ್ತರ ಬಂತಾ, ಒಪ್ಪದಿದ್ದರೆ ಕಾರಣ ಏನು. ಅರ್ಧ ಸಾಲುಗಳಲ್ಲಿ ‘ಉತ್ತರ’ದ ಜಾಗ ಖಾಲಿ ಬಿದ್ದಿದ್ದರೆ ತಪ್ಪು ಯಾರದ್ದು ಎಂದು ಅಲ್ಲೇ ಗೊತ್ತಾಗುತ್ತದೆ. ಒಳ್ಳೆಯ ಸಲಹೆಯನ್ನು ಸರ್ಕಾರ ಕಡೆಗಣಿಸಿದರೆ ಮಂಡಳಿಯನ್ನು ದೂರಿ ಫಲವಿಲ್ಲ. ಬ್ರಿಟನ್ನಿನ 2008ರ ಹವಾಮಾನ ಬದಲಾವಣೆ ಕಾಯ್ದೆಯಡಿ ಬಂದ ಸಲಹಾ ಸಮಿತಿ ಪ್ರತಿ ವರ್ಷ ಪ್ರಗತಿ ವರದಿಯನ್ನು ಸಂಸತ್ತಿಗೆ ಕೊಡುತ್ತದೆ. ಸರ್ಕಾರ ಅದಕ್ಕೆ ಉತ್ತರ ಮಂಡಿಸಲೇಬೇಕು. ಹೀಗೆ ಸಲಹೆ ಪಡೆದವರೂ ಜವಾಬು ಹೇಳಬೇಕಾಗುತ್ತದೆ.

ನನಗೆ ನಿಜವಾಗಿ ಕಳವಳ ತರುವ ವಿಷಯ ಬೇರೆ. ಎಷ್ಟೋ ಕಡೆ ಹಣ ಕೊಡುವ ಇಲಾಖೆಗೇ ಮಂಡಳಿ ಸಲಹೆಯನ್ನೂ ಕೊಡಬೇಕು. ಕಹಿ ಮಾತು ಹೇಳಿದರೆ ಮುಂದಿನ ವರ್ಷದ ಅನುದಾನಕ್ಕೇ ಕತ್ತರಿ ಬಿದ್ದೀತು ಎಂಬ ಹೆದರಿಕೆ ಇರುವಲ್ಲಿ ನೇರವಾದ ಸಲಹೆ ಎಲ್ಲಿಂದ ಬರಬೇಕು? ಹಾಗಾಗಿ ಒಂದೇ ವರ್ಷದ ವರದಿ ಸಾಲದು. ಐದಾರು ವರ್ಷದ ಅನುದಾನವನ್ನು ಸಾಲಾಗಿ ನೋಡಿ. ಖಾರವಾದ ವರದಿಯ ಮರುವರ್ಷ ಹಣ ಕುಸಿದಿದ್ದರೆ ಇಲಾಖೆಯನ್ನೇ ಕಾರಣ ಕೇಳಿ. ಮಂಡಳಿಯ ಲೆಕ್ಕ ಇಲಾಖೆಯ ಫೈಲಿನಲ್ಲೇ ಮುಗಿಯದೆ ಶಾಸನಸಭೆಯ ಮುಂದೆ ಬರಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ನೀವು ಭಾರತದವರಾದರೆ 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಓದಿ. ಸಲಹೆಗಾಗಿ ರಚಿಸಿದ ಮಂಡಳಿ, ಸಮಿತಿಗಳ ವಿವರವನ್ನೂ ಬಜೆಟ್ ಹಂಚಿಕೆಯನ್ನೂ ಸರ್ಕಾರಿ ಕಚೇರಿಗಳು ಯಾರೂ ಕೇಳದೆಯೇ ಪ್ರಕಟಿಸಬೇಕು. ಸಿಗದಿದ್ದರೆ ಅರ್ಜಿ ಹಾಕಿ. ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಬರಬೇಕು. ಸುಮ್ನೆ ‘ಎಲ್ಲ ಮಾಹಿತಿ ಕೊಡಿ’ ಎಂದು ಬರೆಯಬೇಡಿ. ತಿಂಗಳುವಾರು ಖರ್ಚು, ಸಭೆಗಳ ನಡಾವಳಿ, ನಿಯೋಜನೆ ಮೇಲಿರುವ ಸಿಬ್ಬಂದಿಯ ವಿವರ, ಸಲಹೆಗಳಿಗೆ ಇಲಾಖೆ ಬರೆದ ಉತ್ತರಗಳ ಪ್ರತಿ ಎಂದು ಬಿಡಿಬಿಡಿಯಾಗಿ ಕೇಳಿ.