ಠಾಣೆಯಲ್ಲಿ ಹಾಕಿಸಿಕೊಂಡ ರಾಜಿ ಸಹಿಗೆ ಬೆಲೆ ಇದೆಯೇ?

ಪ್ರಶ್ನೆ: ಹೊಲದ ಬದುವಿನ ವಿಚಾರಕ್ಕೆ ಪಕ್ಕದವರು ನನ್ನ ತಮ್ಮನಿಗೆ ದೊಣ್ಣೆಯಿಂದ ಹೊಡೆದು ಮುಂಗೈ ಮೂಳೆ ಮುರಿದರು. ದೂರು ಕೊಡಲು ಹೋದರೆ ರಾಜಿಯಾಗಿದೆ ಎಂಬ ಹಾಳೆಗೆ ಸಹಿ ಹಾಕುವಂತೆ ಒತ್ತಾಯಿಸಿದರು. ಒಪ್ಪದಿದ್ದಾಗ ಸಿಬ್ಬಂದಿಯೊಬ್ಬರು ನನ್ನ ಕೆನ್ನೆಗೆ ಹೊಡೆದರು. ರಾತ್ರಿ ಹತ್ತರವರೆಗೆ ಕೂರಿಸಿಕೊಂಡು ಇಬ್ಬರಿಂದಲೂ ಸಹಿ ಹಾಕಿಸಿಯೇ ಕಳುಹಿಸಿದರು. ಹನ್ನೆರಡು ದಿನವಾಯಿತು. ಪೊಲೀಸರ ಮೇಲೆ ಪೊಲೀಸರಿಗೇ ದೂರು ಕೊಟ್ಟು ಏನು ಫಲ?
(ಹೆಸರು, ಊರು ಬೇಡ)

ಉತ್ತರ: ಮೊದಲು ಆ ಹಾಳೆಯ ಭಯ ಬಿಡಿ. ಮೂಳೆ ಮುರಿದರೆ ಅದು ಕಾನೂನಿನಲ್ಲಿ ತೀವ್ರ ಸ್ವರೂಪದ ಗಾಯ. ಅಂಥ ಪ್ರಕರಣದ ರಾಜಿಗೆ ನ್ಯಾಯಾಲಯದ ಅನುಮತಿ ಬೇಕು. ಠಾಣೆಯ ಬೆಂಚಿನ ಮೇಲೆ ಮುಗಿಸುವ ವ್ಯವಹಾರ ಅದಲ್ಲ. ಸಂಜ್ಞೇಯ ಅಪರಾಧದ, ಅಂದರೆ ನ್ಯಾಯಾಲಯದ ಅಪ್ಪಣೆ ಇಲ್ಲದೆಯೇ ಪೊಲೀಸರು ತನಿಖೆ ಆರಂಭಿಸಬಹುದಾದ ಇಂಥ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರಲ್ಲಿ, ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ದೂರನ್ನು ಮತ್ತೆ ಬರೆದು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಕಳುಹಿಸಿ. ಅಲ್ಲೂ ಕೆಲಸವಾಗದಿದ್ದರೆ ಪ್ರಮಾಣಪತ್ರದೊಂದಿಗೆ (ಅಫಿಡವಿಟ್) ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು.

ಆದರೆ ಇವೆಲ್ಲಕ್ಕಿಂತ ಮೊದಲು ಇವತ್ತೇ ಮಾಡಬೇಕಾದ ಕೆಲಸ ಬೇರೆ ಇದೆ. ಠಾಣೆಯ ಸಿಸಿಟಿವಿ ದೃಶ್ಯವನ್ನು ಕಾಯ್ದಿಡಿ ಎಂದು ಬರೆದು ಕೇಳಿ. ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದ 2020ರ ತೀರ್ಪಿನ ಪ್ರಕಾರ ಠಾಣೆಯ ಬಾಗಿಲು, ಪಡಸಾಲೆ, ಲಾಕಪ್, ಇನ್‌ಸ್ಪೆಕ್ಟರ್ ಕೊಠಡಿ ಎಲ್ಲವೂ ಕ್ಯಾಮೆರಾದಲ್ಲಿ ಬರಬೇಕು, ಮಾತೂ ದಾಖಲಾಗಬೇಕು. ದೃಶ್ಯಗಳನ್ನು 18 ತಿಂಗಳು, ಕಡಿಮೆಯೆಂದರೂ ಒಂದು ವರ್ಷ ಇಡಬೇಕು. ನಿಯಮ ಹೀಗಿದ್ದರೂ ಬೇಕಾದ ದಿನವೇ ಕ್ಯಾಮೆರಾ ‘ಕೆಟ್ಟಿರುತ್ತದೆ’ ಎಂಬುದು ವಕೀಲರ ಕೋಣೆಯ ಹಳೆಯ ನಗೆಹನಿ. ನೀವು ಒಳಗೆ ಹೋದ ಮತ್ತು ಹೊರಬಂದ ಸಮಯ, ಕೂತ ಜಾಗ, ಏಟು ಬಿದ್ದ ಜಾಗವನ್ನು ಅರ್ಜಿಯಲ್ಲಿ ನಮೂದಿಸಿ. ಕೇಳಿದ್ದು ಬರಹದಲ್ಲಿದ್ದರೆ, ಆಮೇಲೆ ದೃಶ್ಯ ಇಲ್ಲವೆಂದಾಗ ಉತ್ತರ ಕೊಡಬೇಕಾದವರು ಅವರು.

ಫಲ ಖಂಡಿತ ಎಂದರೆ ನಾನು ಸುಳ್ಳು ಹೇಳಿದಂತೆ. ಇಲಾಖಾ ವಿಚಾರಣೆ ಎಷ್ಟೋ ಸಲ ಒಂದು ಎಚ್ಚರಿಕೆ ಪತ್ರದಲ್ಲಿ ಮುಗಿಯುತ್ತದೆ. ನಿಮ್ಮ ಅನುಮಾನವೇ ಸುಪ್ರೀಂ ಕೋರ್ಟಿಗೂ ಇತ್ತು. 2006ರ ಪ್ರಕಾಶ್ ಸಿಂಗ್ ತೀರ್ಪಿನಲ್ಲಿ ಪೊಲೀಸರ ಮೇಲಿನ ದೂರುಗಳನ್ನೇ ವಿಚಾರಿಸುವ ಪೊಲೀಸ್ ದೂರು ಪ್ರಾಧಿಕಾರಗಳನ್ನು ರಚಿಸಲು ಅದು ಆದೇಶಿಸಿತು. ಅದಕ್ಕಾಗಿ ಕರ್ನಾಟಕ 2012ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. ಆದರೆ ಪ್ರಾಧಿಕಾರದ ಗಮನವೆಲ್ಲ ಕಸ್ಟಡಿ ಸಾವು, ಭಾರೀ ಗಾಯದಂಥ ಗುರುತರ ಪ್ರಕರಣಗಳ ಮೇಲೆ. ಕೆನ್ನೆಗೆ ಬಿದ್ದ ಏಟಿಗೆ ರಾಜ್ಯ ಮಾನವ ಹಕ್ಕುಗಳ ಆಯೋಗವೇ ಹತ್ತಿರದ ದಾರಿ ಎಂದು ನನಗೆ ಅನಿಸುತ್ತದೆ. ಘಟನೆ ನಡೆದು ಒಂದು ವರ್ಷ ಕಳೆದರೆ ಅದು ವಿಚಾರಣೆ ಮಾಡುವಂತಿಲ್ಲ, ನೆನಪಿರಲಿ.

ತಮ್ಮನ ಗಾಯದ ಪ್ರಮಾಣಪತ್ರವನ್ನು ಆಸ್ಪತ್ರೆಯಿಂದ ಪಡೆಯಿರಿ. ವೈದ್ಯರ ಮುಂದೆ ‘ಜಾರಿ ಬಿದ್ದೆ’ ಎಂದು ಹೇಳಿದ್ದಾನೆಯೇ, ವಿಚಾರಿಸಿ. ಹೆದರಿದವರು ಹಾಗೆ ಹೇಳುವುದುಂಟು. ಹೇಳಿದ್ದರೆ ಅದಕ್ಕೆ ಕಾರಣವೇನೆಂದು ದೂರಿನಲ್ಲಿಯೇ ಬರೆಯಿರಿ, ಮುಚ್ಚಿಡಬೇಡಿ. ದೂರಿನ ಪ್ರತಿಯನ್ನು ನೋಂದಾಯಿತ ಅಂಚೆಯಲ್ಲಿ ಕಳುಹಿಸಿ, ರಸೀದಿ ಇಟ್ಟುಕೊಳ್ಳಿ. ಮತ್ತೆ ಠಾಣೆಯಿಂದ ‘ಒಮ್ಮೆ ಬಂದು ಹೋಗಿ’ ಎಂದು ಫೋನ್ ಬಂದರೆ ಲಿಖಿತ ನೋಟಿಸ್ ಕೇಳಿ. ಹೋಗುವುದೇ ಆದರೆ ವಕೀಲರನ್ನು ಜೊತೆಗೆ ಕರೆದೊಯ್ಯಿರಿ.