ಮೊಮ್ಮಗನಿಗೆ ‘ಮೇಸನ್’ ಎಂದು ಹೆಸರಿಡುತ್ತಾರಂತೆ, ಅದು ಅಡ್ಡಹೆಸರಲ್ಲವೇ?

ಪ್ರಶ್ನೆ: ನನ್ನ ಮಗಳು ಅಮೆರಿಕದ ಟೆಕ್ಸಾಸ್‌ನಲ್ಲಿದ್ದಾಳೆ. ಅಳಿಯ ಅಲ್ಲಿಯವನೇ. ಮುಂದಿನ ತಿಂಗಳು ಹುಟ್ಟಲಿರುವ ಮಗನಿಗೆ ‘ಮೇಸನ್’ ಎಂಬ ಹೆಸರನ್ನು ಇಬ್ಬರೂ ಸೇರಿ ಆರಿಸಿದ್ದಾರೆ. “ಅದು ಮೇಸ್ತ್ರಿ ಅಂದ ಹಾಗೆ ಕೇಳಿಸುತ್ತದೆ, ಹೆಸರೇ ಅಲ್ಲ, ಅಡ್ಡಹೆಸರು” ಎಂದು ನಮ್ಮ ಯಜಮಾನರ ತಕರಾರು. ಟಿ.ವಿ. ತಾರೆಯೊಬ್ಬಳ ಮಗನಿಂದ ಶುರುವಾದ ಶೋಕಿ ಎಂದು ಕೆಲವರು, ಫ್ರೀಮೇಸನ್ ಸಂಘದ ಹೆಸರು ಎಂದು ಇನ್ನು ಕೆಲವರು ಹೇಳುತ್ತಾರೆ. ತರಗತಿಯಲ್ಲಿ ಇದೇ ಹೆಸರಿನ ನಾಲ್ಕು ಹುಡುಗರಿದ್ದರೆ ಹೇಗೆ ಎಂಬ ಚಿಂತೆ ನನಗೆ. ನಮ್ಮ ‘ದೇಸಾಯಿ’ ಎಂಬ ಹೆಸರು ಮಗಳಿಗೇ ಮುಗಿದುಹೋಗುತ್ತದಲ್ಲ ಎಂಬ ಬೇಸರವೂ ಇದೆ. ಏನು ಹೇಳುತ್ತೀರಿ?
– ಓದುಗರು, ಧಾರವಾಡ

ಉತ್ತರ: ನಿಮ್ಮ ಯಜಮಾನರ ಮಾತಿನಲ್ಲಿ ಅರ್ಧ ಸರಿಯಿದೆ. ಮೇಸನ್ ಮೂಲತಃ ಅಡ್ಡಹೆಸರೇ, ಅಂದರೆ ಮನೆತನದ ಹೆಸರೇ, ಅದೂ ಕಸುಬಿನಿಂದ ಬಂದದ್ದು. ನಿಮ್ಮ ಭಾಗದಲ್ಲಿ ಬಡಿಗೇರ, ಕಂಬಾರ, ಕುಂಬಾರ ಎಂಬ ಅಡ್ಡಹೆಸರುಗಳು ಹೇಗೆ ನಿಂತವೋ ಇಂಗ್ಲೆಂಡಿನಲ್ಲಿ ಕಾರ್ಪೆಂಟರ್, ಸ್ಮಿತ್, ಪಾಟರ್ ಹಾಗೆಯೇ ನಿಂತವು. ಕಲ್ಲು ಕೆತ್ತಿ ಗೋಡೆ ಕಟ್ಟುವ ಗೌಂಡಿಯ ಮನೆತನ ಮೇಸನ್ ಆಯಿತು. ಆದರೆ ಮೇಸ್ತ್ರಿಗೂ ಇದಕ್ಕೂ ನಂಟಿಲ್ಲ. ಮೇಸ್ತ್ರಿ ನಮಗೆ ಪೋರ್ಚುಗೀಸರಿಂದ ಬಂದ ಪದ, ಮೇಸನ್ ಇಂಗ್ಲಿಷರಿಗೆ ಫ್ರೆಂಚರಿಂದ ಬಂದದ್ದು.

1066ರಲ್ಲಿ ಫ್ರಾನ್ಸಿನ ಕಡೆಯಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆ ನಾಡಿನಲ್ಲಿ ಕಲ್ಲಿನ ಕೋಟೆಗಳೂ ದೊಡ್ಡ ಚರ್ಚುಗಳೂ ಸಾಲಾಗಿ ಏಳತೊಡಗಿದವು. ಲಂಡನ್ನಿನ ವೈಟ್ ಟವರ್ 1070ರ ದಶಕದ್ದು. ಡರಮ್ ಕತೀಡ್ರಲಿನ ಕೆಲಸ 1093ರಲ್ಲಿ ಶುರುವಾಯಿತು. ಇಂತಹ ಹಳೆಯ ಕಟ್ಟಡಗಳ ಗೋಡೆಯನ್ನು ಹತ್ತಿರ ನಿಂತು ನೋಡಿದರೆ ಕಲ್ಲುಗಳ ಮೇಲೆ ಬಾಣ, ತ್ರಿಕೋನ, ಕತ್ತರಿಗೀಟಿನಂತಹ ಸಣ್ಣ ಗೀರುಗಳು ಕಾಣುತ್ತವೆ. ಅವು ಅಲಂಕಾರವಲ್ಲ. ಯಾವ ಕಲ್ಲನ್ನು ಯಾರು ಕಡೆದರು ಎಂದು ಲೆಕ್ಕ ಹಾಕಿ ಕೂಲಿ ಕೊಡಲು ಕಲ್ಲುಕುಟಿಗರು ಹಾಕಿದ ಗುರುತುಗಳು. ಒಬ್ಬೊಬ್ಬನಿಗೂ ಅವನದೇ ಒಂದು ಗೀರು. ಮನೆತನಗಳ ಹೆಸರುಗಳು ಅಲ್ಲಿ ಗಟ್ಟಿಯಾದದ್ದು ಮುಂದಿನ ಎರಡು ಮೂರು ಶತಮಾನಗಳಲ್ಲಿ. ಆಗ ಈ ಕುಶಲಕರ್ಮಿಗಳ ಮಕ್ಕಳು ಮೊಮ್ಮಕ್ಕಳು ಕಸುಬು ಬಿಟ್ಟರೂ ಮೇಸನ್ ಎಂದೇ ಉಳಿದರು.

ಫ್ರೀಮೇಸನ್ನರ ಮಾತು ಬೇಗ ಮುಗಿಯುತ್ತದೆ. ಅದು ಕಲ್ಲುಕುಟಿಗರ ಕಸುಬಿನ ಹೆಸರು ಹೊತ್ತ ಸೋದರ ಸಂಘ. ಅವರ ಮೊದಲ ಗ್ರ್ಯಾಂಡ್ ಲಾಡ್ಜ್, ಅಂದರೆ ಕೇಂದ್ರ ಸಂಸ್ಥೆ, ಲಂಡನ್ನಿನಲ್ಲಿ ಸ್ಥಾಪನೆಯಾದದ್ದು 1717ರಲ್ಲಿ. ಆ ಹೊತ್ತಿಗೆ ಮೇಸನ್ ಎಂಬ ಮನೆತನಗಳಿಗೆ ಶತಮಾನಗಳೇ ಆಗಿದ್ದವು. ಎರಡಕ್ಕೂ ಬೇರು ಒಂದೇ ಕಸುಬು, ಅಷ್ಟೇ. ಮಗುವಿಗೆ ಈ ಹೆಸರಿಟ್ಟರೆ ಯಾವ ಸಂಘದ ಮುದ್ರೆಯೂ ಬೀಳುವುದಿಲ್ಲ.

ಅಡ್ಡಹೆಸರು ತೊಟ್ಟಿಲ ಹೆಸರಾದ ಬಗೆ ನಿಮಗೆ ನಿಜಕ್ಕೂ ಮುಖ್ಯ, ಏಕೆಂದರೆ ನಿಮ್ಮ ಕೊನೆಯ ಬೇಸರಕ್ಕೆ ಉತ್ತರ ಅಲ್ಲಿದೆ. ಇಂಗ್ಲೆಂಡಿನ ಸಿರಿವಂತ ಮನೆತನಗಳಲ್ಲಿ ತಾಯಿಯ ತವರಿನ ಹೆಸರು ಅಳಿಯಬಾರದೆಂದು ಅದನ್ನೇ ಮಗನ ಮೊದಲ ಹೆಸರಾಗಿ ಇಡುವ ರೂಢಿ ಹದಿನಾರನೇ ಶತಮಾನದಲ್ಲೇ ಇತ್ತು. ಒಂಬತ್ತು ದಿನ ರಾಣಿಯಾಗಿದ್ದ ಲೇಡಿ ಜೇನ್ ಗ್ರೇಯ ಗಂಡನ ಹೆಸರು ಗಿಲ್ಫರ್ಡ್ ಡಡ್ಲಿ. ಗಿಲ್ಫರ್ಡ್ ಅವನ ತಾಯಿಯ ತವರು ಮನೆತನ. ಈ ರೂಢಿ ಹಡಗು ಹತ್ತಿ ಅಮೆರಿಕಕ್ಕೂ ಹೋಯಿತು, ಅದರಲ್ಲೂ ದಕ್ಷಿಣದ ರಾಜ್ಯಗಳಲ್ಲಿ ಚೆನ್ನಾಗಿ ಬೇರುಬಿಟ್ಟಿತು. ಮೇಸನ್ ಕೂಡ ಅಲ್ಲಿ ಹಳೆಯ ಮೊದಲ ಹೆಸರೇ. ಬಾಲಕ ವಾಷಿಂಗ್ಟನ್ ಚೆರ್ರಿ ಗಿಡ ಕಡಿದು ಅಪ್ಪನ ಮುಂದೆ ನಿಜ ಹೇಳಿದ ಕಥೆಯನ್ನು ನೀವೂ ಕೇಳಿರುತ್ತೀರಿ. ಅದನ್ನು ಹಬ್ಬಿಸಿದ ಪಾದ್ರಿಯ ಹೆಸರು ಮೇಸನ್ ಲಾಕ್ ವೀಮ್ಸ್, ಹುಟ್ಟಿದ್ದು 1759ರಲ್ಲಿ.

ತವರಿನ ಹೆಸರಿನ ಜೊತೆಗೆ ಗೌರವದ ಹೆಸರುಗಳೂ ಸೇರಿಕೊಂಡವು. 1783ರಲ್ಲಿ ಹುಟ್ಟಿದ ಲೇಖಕ ವಾಷಿಂಗ್ಟನ್ ಇರ್ವಿಂಗ್‌ಗೆ ಆ ಹೆಸರು ಬಂದದ್ದು ಜನರಲ್ ವಾಷಿಂಗ್ಟನ್ನರಿಂದ. ನಮ್ಮಲ್ಲಿ ಮಕ್ಕಳಿಗೆ ನೆಹರು, ಬೋಸ್ ಎಂದು ಹೆಸರಿಟ್ಟವರ ಮನಸ್ಸೂ ಇದೇ ಅಲ್ಲವೇ? ಹಾಗಾಗಿ ‘ಅಡ್ಡಹೆಸರು ಹೆಸರಾಗುವುದಿಲ್ಲ’ ಎಂಬ ತಕರಾರು ನಮ್ಮ ನೆಲದಲ್ಲೂ ನಿಲ್ಲುವುದಿಲ್ಲ.

ಇನ್ನು ಟಿ.ವಿ. ತಾರೆಯ ಮಾತು. ಕೋರ್ಟ್ನಿ ಕರ್ದಾಶಿಯನ್ ತನ್ನ ಮಗನಿಗೆ ಈ ಹೆಸರಿಟ್ಟದ್ದು 2009ರ ಡಿಸೆಂಬರ್‌ನಲ್ಲಿ. ಅಮೆರಿಕದ ಸಾಮಾಜಿಕ ಭದ್ರತಾ ಇಲಾಖೆ ಪ್ರತಿ ವರ್ಷ ಪ್ರಕಟಿಸುವ ಹೆಸರುಗಳ ಪಟ್ಟಿಯಲ್ಲಿ ಮೇಸನ್ 2009ರಲ್ಲಿ 34ನೇ ಸ್ಥಾನದಲ್ಲಿತ್ತು, 2010ರಲ್ಲಿ 12ಕ್ಕೆ ಬಂತು, 2011ರಲ್ಲಿ 2ಕ್ಕೆ ಏರಿತು. ಈ ಜಿಗಿತದಲ್ಲಿ ಆಕೆಯ ಕುಟುಂಬದ ಟಿ.ವಿ. ಕಾರ್ಯಕ್ರಮದ ಪಾಲು ಇಲ್ಲವೆಂದು ನಾನು ಹೇಳಲಾರೆ. ಆದರೆ 34ನೇ ಮೆಟ್ಟಿಲಿಗೆ ಹೆಸರನ್ನು ತಂದವರು ಯಾರು? ತೊಂಬತ್ತರ ದಶಕ ಮುಗಿಯುವ ಮುನ್ನವೇ ಅದು ಮೊದಲ ನೂರರೊಳಗೆ ಬಂದಾಗಿತ್ತು. ಟೈಲರ್, ಕಾರ್ಟರ್, ಹಂಟರ್, ಕೂಪರ್‌ನಂತಹ ಕಸುಬಿನ ಹೆಸರುಗಳು ಆಗ ಒಟ್ಟೊಟ್ಟಿಗೆ ಮೇಲೇಳುತ್ತಿದ್ದವು. ಈಥನ್, ಲೋಗನ್, ಜಾಕ್ಸನ್, ಏಡನ್‌ಗಳಂತೆ ‘ನ್’ ಎಂದು ಮುಗಿಯುವ ಹೆಸರುಗಳ ಮೇಲೆ ಅಲ್ಲಿನ ತಂದೆತಾಯಂದಿರಿಗೆ ವಿಶೇಷ ಒಲವೂ ಇತ್ತು. ಮೇಸನ್ ಈ ಎರಡು ಗುಂಪಿಗೂ ಸೇರಿದ ಹೆಸರು. ಅಟ್ಲಾಂಟಿಕ್‌ನ ಆಚೆ ದಡದಲ್ಲೂ ಹೀಗೆಯೇ. 2018ರ ಜನವರಿಯಲ್ಲಿ ಸಿಡ್ನಿಯಲ್ಲಿ ಟೆಸ್ಟ್‌ಗೆ ಕಾಲಿಟ್ಟ ಇಂಗ್ಲೆಂಡಿನ ಲೆಗ್ ಸ್ಪಿನ್ನರ್ ಮೇಸನ್ ಕ್ರೇನ್ ಹುಟ್ಟಿದ್ದು 1997ರಲ್ಲಿ, ಫುಟ್‌ಬಾಲ್ ಆಟಗಾರ ಮೇಸನ್ ಮೌಂಟ್ 1999ರಲ್ಲಿ. ಆ ಟಿ.ವಿ. ಕಾರ್ಯಕ್ರಮ ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲೇ ಇವರ ಹೆಸರು ದಾಖಲೆಗೆ ಸೇರಿತ್ತು.

ತರಗತಿಯ ಚಿಂತೆಯನ್ನು ಬಿಟ್ಟುಬಿಡಿ. ಸ್ಥಾನ ನೋಡಿ ಹೆದರುವವರು ಸಂಖ್ಯೆಯನ್ನು ನೋಡಿರುವುದಿಲ್ಲ. 1880ರಲ್ಲಿ ಅಮೆರಿಕದ ಪಟ್ಟಿಯ ಮೊದಲ ಹೆಸರು ಜಾನ್, ನೂರು ಗಂಡುಮಕ್ಕಳಲ್ಲಿ ಎಂಟು ಮಂದಿಗೆ ಅದೇ. 2011ರಲ್ಲಿ ಎರಡನೇ ಸ್ಥಾನದಲ್ಲಿದ್ದ ಮೇಸನ್ ನೂರರಲ್ಲಿ ಒಬ್ಬನಿಗೆ ಮಾತ್ರ, ಇಡೀ ದೇಶದಲ್ಲಿ ಸುಮಾರು 19 ಸಾವಿರ ಶಿಶುಗಳಿಗೆ. ಈಗ ಹೆಸರುಗಳು ಅಷ್ಟು ಚದುರಿಹೋಗಿವೆ. ಮೇಲಾಗಿ ಮೇಸನ್ ತನ್ನ ಏರುಕಾಲವನ್ನು ದಾಟಿದೆ. 2011ರಿಂದ 2019ರವರೆಗೆ ಮೊದಲ ಹತ್ತರೊಳಗೆ ಇದ್ದದ್ದು 2020ರಲ್ಲಿ 11ಕ್ಕೆ ಇಳಿಯಿತು, ಆಮೇಲೆ ಇನ್ನೂ ಕೆಳಗೆ ಸರಿದಿದೆ. ನಿಮ್ಮ ಮೊಮ್ಮಗನಿಗೆ ಅಣ್ಣನ ವಯಸ್ಸಿನ ಮೇಸನ್‌ಗಳು ಬೇಕಾದಷ್ಟು ಸಿಗುತ್ತಾರೆ, ಸಹಪಾಠಿಗಳಲ್ಲಿ ಅಷ್ಟಿಲ್ಲ. ನನ್ನ ಮಟ್ಟಿಗೆ ಇದು ಹೆಸರೊಂದಕ್ಕೆ ಒಳ್ಳೆಯ ಹೊತ್ತು. ಕೇಳಿದವರಿಗೆ ಗೊತ್ತಿರುತ್ತದೆ, ಎಲ್ಲರ ಬಾಯಲ್ಲೂ ಸವೆದಿರುವುದಿಲ್ಲ.

ದೇಸಾಯಿಯ ವಿಷಯವನ್ನು ಮಗಳ ಹತ್ತಿರ ಇಂದೇ ಮಾತನಾಡಿ. ತಾಯಿಯ ಮನೆತನವನ್ನು ಮಗನ ಹೆಸರಿನಲ್ಲಿ ಉಳಿಸುವುದು ಅಳಿಯನ ನಾಡಿನದೇ ಹಳೆಯ ಪದ್ಧತಿ ಎಂದು ಹೇಳಿದೆನಲ್ಲ, ಅದನ್ನೇ ಮುಂದಿಡಿ. ಜಾನ್ ಫಿಟ್ಜ್‌ಜೆರಾಲ್ಡ್ ಕೆನಡಿ ಹೆಸರಿನ ನಡುವೆ ಇರುವುದು ತಾಯಿ ರೋಸ್ ಫಿಟ್ಜ್‌ಜೆರಾಲ್ಡ್ ಅವರ ತವರು. ಫ್ರಾಂಕ್ಲಿನ್ ಡೆಲಾನೊ ರೂಸ್‌ವೆಲ್ಟ್ ಹೆಸರಿನ ಡೆಲಾನೊ ಕೂಡ ತಾಯಿಯ ಕಡೆಯದೇ. ಅಧ್ಯಕ್ಷರ ಮನೆಗಳಲ್ಲಿ ನಡೆದದ್ದು ನಿಮ್ಮ ಮನೆಯಲ್ಲೇಕೆ ನಡೆಯಬಾರದು? ಮೇಸನ್ ದೇಸಾಯಿ, ಅದರ ಮುಂದೆ ಅಳಿಯನ ಮನೆತನ. ಬಾಯಲ್ಲಿ ಹೇಳಿ ನೋಡಿ, ಎಲ್ಲೂ ತೊಡಕಿಲ್ಲ. ಜನನ ಪ್ರಮಾಣಪತ್ರದ ಅರ್ಜಿಯನ್ನು ಅಲ್ಲಿ ಸಾಮಾನ್ಯವಾಗಿ ಆಸ್ಪತ್ರೆಯಲ್ಲೇ ತುಂಬಿಸಿಕೊಳ್ಳುತ್ತಾರೆ. ಹೆರಿಗೆಯ ಸುಸ್ತಿನಲ್ಲಿ ನಡುವಿನ ಹೆಸರಿನ ಜಾಗ ಖಾಲಿ ಉಳಿದರೆ ಆಮೇಲೆ ತಿದ್ದಿಸಲು ಓಡಾಡಬೇಕಾಗುತ್ತದೆ. ದೇಸಾಯಿಯನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಮಗಳ ಪಾಸ್‌ಪೋರ್ಟಿನಲ್ಲಿರುವ ಕಾಗುಣಿತವನ್ನೇ ಬಳಸಲಿ. ಮೇಸನ್‌ಗೂ ರೂಢಿಯಲ್ಲಿರುವ ಐದು ಅಕ್ಷರದ ಕಾಗುಣಿತವೇ ಇರಲಿ. ಹೊಸತಾಗಿ ಕಾಣಲೆಂದು ನಡುವೆ ಒಂದು ‘ವೈ’ ಸೇರಿಸುವವರಿದ್ದಾರೆ. ಆ ಮಕ್ಕಳು ಬ್ಯಾಂಕಿನಲ್ಲೂ ಶಾಲೆಯಲ್ಲೂ ತಮ್ಮ ಹೆಸರನ್ನು ಬಿಡಿಸಿ ಬಿಡಿಸಿ ಹೇಳುತ್ತಲೇ ಇರಬೇಕಾಗುತ್ತದೆ.